ಬೇಸಿಗೆ ಇಂಟರ್ನ್‌ಶಿಪ್: ಊರಿನ ಆರೋಗ್ಯ ಮತ್ತು ಸಣ್ಣ ರೈತರ ನಡುವೆ ಎಂಟು ವಾರ, ಹಂತ ಹಂತವಾಗಿ

ಪ್ರತಿ ಬೇಸಿಗೆ ಮುಗಿದ ಮೇಲೆ ವಿದ್ಯಾರ್ಥಿಗಳ ವರದಿಗಳು ನನ್ನ ಮೇಜಿಗೆ ಬರುತ್ತವೆ. ಎಲ್ಲಿ ಎಡವಿದ್ದಾರೆ ಅನ್ನುವುದು ಈಗೀಗ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಇನ್ನೂರು ಮನೆ ಸುತ್ತಿರುತ್ತಾರೆ, ಒಂದು ಮನೆಯೂ ನೆನಪಿರುವುದಿಲ್ಲ. ಆರೋಗ್ಯದ್ದೊಂದು ಭಾಗ, ಬೇಸಾಯದ್ದೊಂದು ಭಾಗ ಬರೆದು ಎರಡಕ್ಕೂ ಪಿನ್ ಹೊಡೆದಿರುತ್ತಾರೆ. ಇನ್ನು ಡೈರಿ? ಎಂಟು ವಾರದ ಡೈರಿ ಒಂದೇ ಪೆನ್ನಿನಲ್ಲಿ, ಒಂದೇ ರಾತ್ರಿ ಬರೆದದ್ದು ಅಂತ ಅಕ್ಷರವೇ ಹೇಳುತ್ತದೆ.

ಇವರ್ಯಾರೂ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ, ಅಷ್ಟೇ. ಹಾಗಾಗಿ ಕ್ರಮವನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಲೆಕ್ಕ ಎಂಟು ವಾರದ್ದು. ನಿಮಗೆ ಆರೇ ವಾರ ಸಿಕ್ಕಿದ್ದರೆ ಮನೆಗಳ ಸಂಖ್ಯೆ ಕಡಿಮೆ ಮಾಡಿ, ಹಂತಗಳನ್ನು ಹಾರಿಸಬೇಡಿ.

ಹಂತ 1: ಹೊರಡುವ ಮೊದಲು ಕೇಳಿಕೊಳ್ಳಬೇಕಾದದ್ದು

ಕರೆದ ಸಂಸ್ಥೆಗೆ ಒಂದು ಪತ್ರ ಬರೆಯಿರಿ ಅಥವಾ ಫೋನ್ ಮಾಡಿ. ಊರಿನಲ್ಲಿ ದಿನಾ ನಿಮ್ಮ ಜೊತೆ ಇರುವವರು ಯಾರು? ಕಚೇರಿಯಲ್ಲಿ ಕೂತವರ ಹೆಸರಲ್ಲ, ಹೊಲಕ್ಕೂ ಮನೆಗೂ ಕರೆದುಕೊಂಡು ಹೋಗುವವರ ಹೆಸರು ಬೇಕು. ಯಾವ ಕೆಲಸವನ್ನು ನೀವು ಮಾಡಲೇಬಾರದು? ಜನರಿಂದ ಮಾಹಿತಿ ತೆಗೆದುಕೊಳ್ಳಲು ಯಾರ ಅನುಮತಿ ಬೇಕು, ನಿಮ್ಮ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕಾ? ಬೇಕಾದರೆ ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಊರು ತಲುಪಿದ ಮೇಲೆ ಅರ್ಜಿ ಹಾಕಿದರೆ ಬೇಸಿಗೆ ಅಲ್ಲೇ ಮುಗಿಯಿತು.

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ನಾನು ಬರುವ ವಾರಗಳಲ್ಲಿ ಹೊಲದಲ್ಲಿ ಏನಿರುತ್ತದೆ? ಬೆಳೆಯೇ ಇಲ್ಲದ ಹೊತ್ತಿನಲ್ಲಿ ಹೋಗಿ ಕೀಟದ ಹಾವಳಿ ಬಗ್ಗೆ ಅಧ್ಯಯನ ಮಾಡುತ್ತೇನೆ ಅಂದರೆ ಆಗುತ್ತದಾ? ಹೊಲ ಖಾಲಿ ಇದ್ದರೆ ಮಣ್ಣು, ಬೀಜ, ನೀರು, ಕೈತೋಟ, ದಾಸ್ತಾನು ನೋಡಬಹುದು. ಕೊಯ್ಲಿನ ಕಾಲವಾದರೆ ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ. ವಿಷಯ ಆರಿಸುವ ಮೊದಲೇ ಇದು ತಿಳಿದಿರಬೇಕು.

ಹಂತ 2: ಚೀಲ ಕಟ್ಟುವುದು

ಹೊಲಿದ ದಪ್ಪ ನೋಟ್‌ಬುಕ್ ಎರಡು. ಬಿಡಿ ಹಾಳೆ ಬೇಡ, ಗಾಳಿಗೆ ಹೋಗುತ್ತದೆ. ಪೆನ್ಸಿಲ್ ಇರಲಿ, ನೀರು ಬಿದ್ದರೂ ಬರಹ ಹರಡುವುದಿಲ್ಲ. ಅಳತೆ ಟೇಪು, ಒಂದು ಲೀಟರ್ ಗುರುತಿರುವ ಬಾಟಲಿ, ಪ್ಲಾಸ್ಟಿಕ್ ಬಕೆಟ್, ಮಣ್ಣು ತುಂಬಲು ಚೀಲ, ಮಾರ್ಕರ್, ಪವರ್ ಬ್ಯಾಂಕ್, ಟೋಪಿ, ಮುಚ್ಚಿದ ಶೂ, ನಿಮಗಾಗಿ ಎರಡು ಮೂರು ಓಆರ್‌ಎಸ್ ಪ್ಯಾಕೆಟ್. ಬಿಸಿಲಲ್ಲಿ ತಲೆ ಸುತ್ತಿ ಬೀಳುವುದು ಸಾಮಾನ್ಯವಾಗಿ ಹೊಸದಾಗಿ ಬಂದವರೇ.

ತರಬಾರದ್ದು: ಬಿಳಿ ಕೋಟು, ಸ್ಟೆತಸ್ಕೋಪು, ಮಾತ್ರೆಗಳ ಡಬ್ಬಿ. ನೀವು ವೈದ್ಯಕೀಯ ವಿದ್ಯಾರ್ಥಿಯಾದರೂ ಅಷ್ಟೇ. ಒಂದು ಸಲ ಕೋಟು ಹಾಕಿಕೊಂಡು ಬೀದಿಯಲ್ಲಿ ನಡೆದರೆ ನೀವು ಡಾಕ್ಟರು. ಆಮೇಲೆ ಎಂಟು ವಾರ ಯಾರೂ ನಿಮ್ಮ ಜೊತೆ ಹೊಲದ ಮಾತಾಡುವುದಿಲ್ಲ, ಮಂಡಿ ನೋವು ತೋರಿಸುತ್ತಾರೆ.

ಹಂತ 3: ಮೊದಲ ವಾರ ನಡೆಯಿರಿ, ಸರ್ವೆ ಬೇಡ

ಮೊದಲ ವಾರ ಫಾರ್ಮ್ ಹಿಡಿದು ಯಾರ ಮನೆಗೂ ಹೋಗಬೇಡಿ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಎತ್ತರದಿಂದ ತಗ್ಗಿಗೆ, ಸ್ಥಳೀಯರೊಬ್ಬರ ಜೊತೆ ನಡೆಯಿರಿ. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಗೊಬ್ಬರದ ಗುಂಡಿಗೂ ಬಾವಿಗೂ ಎಷ್ಟು ದೂರ, ಸ್ಪ್ರೇ ಪಂಪನ್ನು ಎಲ್ಲಿ ತೂಗು ಹಾಕಿದ್ದಾರೆ, ಖಾಲಿ ಬಾಟಲಿಗಳು ಎಲ್ಲಿ ಬಿದ್ದಿವೆ. ನೋಡಿದ್ದನ್ನು ಬರೆದುಕೊಳ್ಳಿ. ಆಗಲೇ ಅಭಿಪ್ರಾಯ ಹೇಳಬೇಡಿ.

ವಾರದ ಕೊನೆಗೆ ನಾಲ್ಕೈದು ಜನರನ್ನು ಕೂರಿಸಿ ವರ್ಷದ ಕ್ಯಾಲೆಂಡರ್ ಮಾಡಿಸಿ. ನೆಲದ ಮೇಲೆ 12 ಮನೆ ಗೀಚಿ, ತಿಂಗಳಿಗೊಂದು. ಒಂದು ಹಿಡಿ ಬೀಜ ಕೊಟ್ಟು ಕೇಳಿ: ಯಾವ ತಿಂಗಳು ಕೆಲಸ ಜಾಸ್ತಿ? ಅಷ್ಟು ಬೀಜ ಇಡಿ. ಯಾವಾಗ ಜ್ವರ, ಭೇದಿ? ಯಾವಾಗ ಮನೆಯಲ್ಲಿ ಧಾನ್ಯ ಕಡಿಮೆ? ಯಾವಾಗ ಸಾಲ? ಸಾಲು ಸಾಲಾಗಿ ಬೀಜದ ಗುಡ್ಡೆ ಏಳುತ್ತವೆ. ಧಾನ್ಯ ಮುಗಿಯುವ ತಿಂಗಳೂ, ಮೈಮುರಿಯುವ ಕೆಲಸದ ತಿಂಗಳೂ, ಕಾಯಿಲೆಯ ತಿಂಗಳೂ ಒಂದರ ಕೆಳಗೊಂದು ಬರುವುದನ್ನು ನೀವೇ ನೋಡುತ್ತೀರಿ. ಹೆಂಗಸರ ಗುಂಪಿಗೂ ಗಂಡಸರ ಗುಂಪಿಗೂ ಬೇರೆ ಬೇರೆ ಮಾಡಿಸಿ. ಎರಡೂ ಒಂದೇ ಥರ ಬಂದರೆ, ಯಾರೋ ಒಬ್ಬರೇ ಎಲ್ಲರ ಪರವಾಗಿ ಬೀಜ ಇಟ್ಟಿದ್ದಾರೆ ಅಂತ ಅನುಮಾನ ಪಡಿ.

ಕ್ಯಾಲೆಂಡರಿನ ಫೋಟೋ ತೆಗೆದು, ಅದೇ ದಿನ ನೋಟ್‌ಬುಕ್‌ಗೂ ಇಳಿಸಿ. ಬೀಜ ಎಣಿಸಿ ಬರೆಯಿರಿ.

ಹಂತ 4: ಡೈರಿ, ಮೊದಲ ರಾತ್ರಿಯಿಂದಲೇ

ಪುಟವನ್ನು ಮೂರು ಭಾಗ ಮಾಡಿ: ಕಂಡದ್ದು, ಕೇಳಿದ್ದು, ನನಗನಿಸಿದ್ದು. "ಮನೆ ಕೊಳಕಾಗಿತ್ತು" ಅನ್ನುವುದು ಮೂರನೆಯದು. "ಅಡುಗೆ ಒಲೆಯಿಂದ ಎರಡು ಹೆಜ್ಜೆ ದೂರದಲ್ಲಿ ಕೋಳಿಗೂಡು" ಅನ್ನುವುದು ಮೊದಲನೆಯದು. ದಿನಾ ರಾತ್ರಿ ಅರ್ಧ ಗಂಟೆ ಸಾಕು. ಎರಡು ದಿನ ಬಿಟ್ಟರೆ ಮೂರೂ ಭಾಗ ಕಲಸಿ ಹೋಗುತ್ತವೆ.

ಹಂತ 5: ಒಂದೇ ಪ್ರಶ್ನೆ ಆರಿಸಿಕೊಳ್ಳಿ

ಎರಡನೇ ವಾರದ ಮಧ್ಯದೊಳಗೆ ವಿಷಯ ಗಟ್ಟಿ ಮಾಡಿ. "ಗ್ರಾಮೀಣ ಆರೋಗ್ಯ ಮತ್ತು ಸುಸ್ಥಿರ ಕೃಷಿ" ಅನ್ನುವುದು ವಿಷಯವಲ್ಲ, ಬ್ಯಾನರು. ಆರೋಗ್ಯವೂ ಬೇಸಾಯವೂ ಒಂದೇ ಜಾಗದಲ್ಲಿ ಕೂಡುವ ಒಂದು ಬಿಂದು ಹುಡುಕಿ. ಕೈತೋಟದಲ್ಲಿ ಬೆಳೆದ ಸೊಪ್ಪು ಯಾರ ತಟ್ಟೆಗೆ ಹೋಗುತ್ತದೆ, ಎಷ್ಟು ಮಾರಾಟಕ್ಕೆ ಹೋಗುತ್ತದೆ? ಕಳೆ ತೆಗೆಯುವ ದಿನಗಳಲ್ಲಿ ಎಳೆ ಮಗುವಿಗೆ ಹಾಲೂಡಿಸುವುದು ಹೇಗೆ? ಬೆಳೆಗೆ ಔಷಧಿ ಹೊಡೆಯುವಾಗ ಹಾಕಿಕೊಂಡ ಬಟ್ಟೆ ಏನಾಗುತ್ತದೆ?

ಈ ಕೊನೆಯದು ನನಗೆ ಸಿಕ್ಕಿದ್ದು ತಪ್ಪು ಪ್ರಶ್ನೆ ಕೇಳಿದ್ದರಿಂದ. ನನ್ನ ಮೊದಲ ಇಂಟರ್ನ್‌ಶಿಪ್‌ನಲ್ಲಿ "ಔಷಧಿ ಹೊಡೆದ ಮೇಲೆ ಕೈ ತೊಳೀತೀರಾ?" ಅಂತ ಮನೆ ಮನೆಗೆ ಹೋಗಿ ಕೇಳಿದೆ. ಎಲ್ಲರೂ ಹೂಂ ಅಂದರು. ಖುಷಿಯಿಂದ ಟಿಕ್ ಹಾಕಿಕೊಂಡೆ. ಒಂದು ಮಧ್ಯಾಹ್ನ ಒಬ್ಬರ ಮನೆಯ ಹಿತ್ತಿಲಿಗೆ ಹೋದರೆ ಅಲ್ಲೊಂದು ಬಕೆಟ್. ಬೆಳಿಗ್ಗೆ ಔಷಧಿ ಹೊಡೆದ ಅಂಗಿ ಅದರಲ್ಲಿ ನೆನೆಹಾಕಿದೆ, ಬೆನ್ನಿನ ಕಡೆ ಪಂಪು ಸೋರಿದ ಕಲೆ ಹಾಗೇ ಇದೆ. ಅದೇ ನೀರಿನಲ್ಲಿ ಮಗುವಿನ ಎರಡು ಫ್ರಾಕು. ಮನೆಯಾಕೆ ಬರಿಗೈಯಲ್ಲಿ ಹಿಂಡುತ್ತಿದ್ದರು. ಗಂಡ ಕೈ ತೊಳೆದದ್ದು ಸುಳ್ಳಲ್ಲ. ನಾನು ಕೇಳಿದ್ದೇ ಬೇರೆಯವರನ್ನು.

ಆರಿಸಿದ ವಿಷಯವನ್ನು ಹೀಗೆ ಪರೀಕ್ಷಿಸಿ: ಉಳಿದ ಆರು ವಾರದಲ್ಲಿ ಇದನ್ನು ಕಣ್ಣಾರೆ ನೋಡಲು ಆಗುತ್ತದಾ? ಉತ್ತರ ಸಿಕ್ಕರೆ ಮನೆಯವರು ದುಡ್ಡು ಖರ್ಚು ಮಾಡದೆ ಏನಾದರೂ ಬದಲಿಸಬಹುದಾ? ಎರಡಕ್ಕೂ ಹೌದು ಅನ್ನದಿದ್ದರೆ ವಿಷಯ ಬದಲಿಸಿ.

ಹಂತ 6: ಪ್ರಶ್ನಾವಳಿ

ಹೆಚ್ಚಿನವರು ಸೋಲುವುದು ಇಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲನೆಯದು ಮಾತು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಫಾರ್ಮನ್ನು ಕನ್ನಡಕ್ಕೆ ತಿರುಗಿಸಿಕೊಂಡು ಹೋಗುತ್ತಾರೆ. ಒಬ್ಬ ಹುಡುಗ "ಕಳೆದ ತಿಂಗಳು ಔಷಧಿ ತಂದಿದ್ದೀರಾ?" ಅಂತ ಕೇಳಿದ. ಮನೆಯ ಯಜಮಾನರು "ಎರಡು ಲೀಟರ್ ತಂದೆ, ಇನ್ನೂ ಅರ್ಧ ಉಳಿದಿದೆ" ಅಂದರು. ಇವನು ಕೆಮ್ಮಿನ ಸಿರಪ್ಪು ಅಂದುಕೊಂಡು ಬರೆದುಕೊಂಡ! ನಮ್ಮ ಮಾತಿನಲ್ಲಿ ಬೆಳೆಗೆ ಹೊಡೆಯುವುದೂ ಔಷಧಿ, ಜ್ವರಕ್ಕೆ ಕುಡಿಯುವುದೂ ಔಷಧಿ. "ಬೆಳೆಗೆ ಹೊಡೆಯುವ ಔಷಧಿ", "ಡಾಕ್ಟರು ಕೊಟ್ಟ ಮಾತ್ರೆ" ಅಂತ ಬಿಡಿಸಿ ಕೇಳಿ. ಜನ ಆಡುವ ಮಾತನ್ನು ಮೊದಲ ವಾರ ಬರೆದಿಟ್ಟುಕೊಂಡಿದ್ದರೆ ಇಂಥ ಎಡವಟ್ಟು ಆಗುವುದಿಲ್ಲ.

ಎರಡನೆಯದು, ಹೂಂ–ಊಹೂಂ ಪ್ರಶ್ನೆ. "ಸೊಪ್ಪು ತರಕಾರಿ ತಿನ್ನುತ್ತೀರಾ?" ಅಂದರೆ ಯಾರು ಇಲ್ಲ ಅನ್ನುತ್ತಾರೆ ಹೇಳಿ? ಬದಲಿಗೆ "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಏನೇನು ತಿಂದಿರಿ, ಕುಡಿದಿರಿ?" ಅಂತ ಕೇಳಿ. ಮಹಿಳೆಯರ ಆಹಾರದ ವೈವಿಧ್ಯ ಅಳೆಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಬಳಸುವ ಪದ್ಧತಿಯೂ ಇದೇ. ಆಹಾರವನ್ನು 10 ಗುಂಪು ಮಾಡಿ, ಹಿಂದಿನ ದಿನ ಎಷ್ಟು ಗುಂಪಿನದು ತಿಂದರು ಅಂತ ಎಣಿಸುತ್ತಾರೆ. 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಕನಿಷ್ಠ 5 ಗುಂಪು ಮುಟ್ಟಿದವರು ಎಷ್ಟು ಜನ ಅನ್ನುವುದೇ ಅಳತೆ. ಇದು ಇಡೀ ಗುಂಪಿನ ಲೆಕ್ಕ. ಒಬ್ಬರ ಅಂಕಿ ನೋಡಿ "ನಿಮಗೆ ಪೌಷ್ಟಿಕಾಂಶ ಕಡಿಮೆ" ಅಂತ ಹೇಳುವ ಹಾಗಿಲ್ಲ. ಹಬ್ಬ, ಮದುವೆಯ ಮರುದಿನ ಕೇಳಬೇಡಿ.

ಮೂರನೆಯದು ಉದ್ದ. 20 ಪ್ರಶ್ನೆ ದಾಟಿದರೆ ಉತ್ತರ ಕೊಡುವವರು ಒಲೆ ಕಡೆ ನೋಡಲು ಶುರು ಮಾಡುತ್ತಾರೆ. ಪ್ರತಿ ಪ್ರಶ್ನೆಯ ಪಕ್ಕ "ಈ ಉತ್ತರದಿಂದ ಏನು ಮಾಡುತ್ತೇನೆ?" ಅಂತ ಬರೆಯಿರಿ. ಬರೆಯಲು ಏನೂ ಹೊಳೆಯದಿದ್ದರೆ ಪ್ರಶ್ನೆ ಹೊಡೆದುಹಾಕಿ. ಆಮೇಲೆ ಐದು ಮನೆಯಲ್ಲಿ ಪ್ರಯೋಗ ಮಾಡಿ, ತಿದ್ದಿ. ಆ ಐದು ಮನೆಯ ಉತ್ತರವನ್ನು ಕೊನೆಯ ಲೆಕ್ಕಕ್ಕೆ ಸೇರಿಸಬೇಡಿ.

ಎಷ್ಟು ಮನೆ? ಒಬ್ಬರೇ ಇದ್ದರೆ 30 ಮನೆ ಸರಿಯಾಗಿ ಮಾಡಿ, ಕೆಲವು ಮನೆಗೆ ಎರಡನೇ ಸಲ ಹೋಗಿ. ರಸ್ತೆ ಬದಿಯ ಮನೆಗಳನ್ನೇ ಆರಿಸುವುದು ಹಳೆಯ ತಪ್ಪು. ಊರಿನ ಕೊನೆಯಲ್ಲಿರುವವರು, ಸ್ವಂತ ಜಮೀನಿಲ್ಲದವರು ಪಟ್ಟಿಯಲ್ಲಿ ಇದ್ದಾರಾ ನೋಡಿಕೊಳ್ಳಿ.

ಹಂತ 7: ಮನೆಯೊಳಗೆ

ಕೆಲಸದ ಹೊತ್ತಿನಲ್ಲಿ ಹೋಗಬೇಡಿ. ಯಾವಾಗ ಬರಲಿ ಅಂತ ಹಿಂದಿನ ದಿನವೇ ಕೇಳಿ. ಹೋದಾಗ ನೀವು ಯಾರು, ಏನು ಕೇಳುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ, ಇದರಿಂದ ಅವರಿಗೆ ಯಾವ ಸವಲತ್ತೂ ಸಿಗುವುದಿಲ್ಲ, ಬೇಡ ಅಂದರೂ ಏನೂ ಆಗುವುದಿಲ್ಲ ಅಂತ ಹೇಳಿ. ಸವಲತ್ತಿನ ಮಾತು ಮುಖ್ಯ. ಅದನ್ನು ನುಂಗಿಕೊಂಡರೆ ಸಾಲ, ಪಂಪ್‌ಸೆಟ್ಟು ಕೊಡಲು ಬಂದವರು ಅಂದುಕೊಂಡು ಬಡತನವನ್ನು ದೊಡ್ಡದು ಮಾಡಿ ಹೇಳುತ್ತಾರೆ. ಅವರದೇನು ತಪ್ಪು? ಫೋಟೋಗೆ ಬೇರೆಯಾಗಿ ಒಪ್ಪಿಗೆ ಕೇಳಿ. ಫಾರ್ಮಿನ ಮೇಲೆ ಹೆಸರಿನ ಬದಲು ಸಂಖ್ಯೆ ಇರಲಿ. ಯಾವ ಸಂಖ್ಯೆ ಯಾರದು ಅನ್ನುವ ಪಟ್ಟಿ ಬೇರೆ ಪುಸ್ತಕದಲ್ಲಿರಲಿ.

ಮಕ್ಕಳ ತೋಳಿನ ಸುತ್ತಳತೆ ತೆಗೆಯುವ ಕೆಲಸ ಕೊಟ್ಟಿದ್ದರೆ ಮೊದಲು ಆರೋಗ್ಯ ಕಾರ್ಯಕರ್ತರ ಕೈಕೆಳಗೆ ಕಲಿಯಿರಿ. 6 ತಿಂಗಳಿಂದ 59 ತಿಂಗಳ ಮಗು, ಎಡ ತೋಳು, ಭುಜದ ತುದಿಗೂ ಮೊಣಕೈಗೂ ನಡುಮಧ್ಯೆ, ತೋಳು ಇಳಿಬಿಟ್ಟು ಸಡಿಲವಾಗಿರಬೇಕು. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. 115 ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, 115ರಿಂದ 125ರ ಒಳಗೆ ಮಧ್ಯಮ. ಅಂಕಿಯನ್ನು ಅಕ್ಕಪಕ್ಕದವರ ಮುಂದೆ ಕೂಗಿ ಹೇಳಬೇಡಿ. ಅದೇ ದಿನ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ.

ಫಾರ್ಮ್ ಮಡಚಿಟ್ಟು ತಕ್ಷಣ ಆಸ್ಪತ್ರೆಗೆ ಕಳಿಸಬೇಕಾದ ಲಕ್ಷಣಗಳಿವೆ. ಮಗು ಏನನ್ನೂ ಕುಡಿಯಲಾರದು ಅಥವಾ ಮೊಲೆಹಾಲು ಎಳೆಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿ, ಫಿಟ್ಸ್ ಬಂದಿದೆ, ಎಬ್ಬಿಸಿದರೂ ಏಳುತ್ತಿಲ್ಲ. ದೊಡ್ಡವರಲ್ಲಿ, ಔಷಧಿ ಹೊಡೆದ ದಿನ ಜೊಲ್ಲು ಸುರಿಯುವುದು, ಧಾರಾಕಾರ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಸ್ನಾಯು ಅದುರುವುದು, ಉಸಿರಾಟಕ್ಕೆ ಕಷ್ಟ. ವಿಷ ತಗುಲಿದ ಬಟ್ಟೆ ತೆಗೆಸಿ, ಮೈಗೆ ಸೋಪು ನೀರು ಹಾಕಿಸಿ. ತೊಳೆಯುವವರ ಕೈಗೆ ಗ್ಲೌಸ್ ಇರಲಿ. ವಾಂತಿ ಮಾಡಿಸಲು ಹೋಗಬೇಡಿ. ಇದಕ್ಕೆಲ್ಲ ಹೊತ್ತು ಕಳೆಯದೆ ಆಸ್ಪತ್ರೆಗೆ ಹೊರಡಿಸಿ. ಬಾಟಲಿಯನ್ನೋ ಅದರ ಲೇಬಲ್ಲನ್ನೋ ಜೊತೆಗೆ ಕಳಿಸಿ, ಡಾಕ್ಟರಿಗೆ ಮೊದಲು ಬೇಕಾಗುವುದು ಅದೇ.

ಹಂತ 8: ಹೊಲದಲ್ಲಿ

ಔಷಧಿ ಹೊಡೆಯುವಾಗ ನೋಡುತ್ತೇನೆ ಅಂತ ಹತ್ತಿರ ನಿಲ್ಲಬೇಡಿ, ಪಂಪು ಮುಟ್ಟಬೇಡಿ. ಹೊಡೆದ ಹೊಲದೊಳಗೆ ಮತ್ತೆ ಯಾವಾಗ ಕಾಲಿಡಬಹುದು, ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅನ್ನುವುದಕ್ಕೆ ಲೇಬಲ್ ನೋಡಿ.

ಮಣ್ಣಿನ ಮಾದರಿ ತೆಗೆಯುವ ಕೆಲಸ ಬಂದರೆ ಕ್ರಮ ಹೀಗೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು 10ರಿಂದ 15 ಜಾಗ ಗುರುತು ಮಾಡಿ. ಬದು, ಮರದ ಬುಡ, ಗೊಬ್ಬರದ ಗುಡ್ಡೆ ಇದ್ದ ಜಾಗ, ನೀರು ನಿಲ್ಲುವ ತಗ್ಗು ಬಿಡಿ. ಈಚೆಗೆ ಗೊಬ್ಬರ ಹಾಕಿದ್ದರೆ ಅವತ್ತು ತೆಗೆಯಲೇಬೇಡಿ. ಮೇಲಿನ ಕಸ ಸರಿಸಿ ಇಂಗ್ಲಿಷ್ ವಿ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳ ಅಗೆಯಿರಿ, ಅದರ ಗೋಡೆಯಿಂದ ಬೆರಳು ದಪ್ಪದ ಒಂದು ಪದರ ಮೇಲಿಂದ ಕೆಳಗಿನವರೆಗೆ ಕೆರೆಯಿರಿ. ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ. ತಗಡಿನ ಬಕೆಟ್ ಬೇಡ, ಅದರ ಸತು ಮಣ್ಣಿಗೆ ಸೇರಿ ಫಲಿತಾಂಶ ಕೆಡುತ್ತದೆ. ಕಲಸಿದ್ದನ್ನು ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಎಸೆಯಿರಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ, ಚೀಟಿ ಬರೆದು ಕಟ್ಟಿ.

ಫಲಿತಾಂಶ ಬರುವ ಹೊತ್ತಿಗೆ ನೀವು ಊರಿನಲ್ಲಿ ಇರುತ್ತೀರಾ? ಇಲ್ಲದಿದ್ದರೆ ರೈತರ ಕೈಗೆ ಅದನ್ನು ತಲುಪಿಸಿ ವಿವರಿಸುವವರು ಯಾರು ಅಂತ ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಗುದ್ದಲಿ ಹಿಡಿಯಿರಿ.

ನಾಲ್ಕನೇ ವಾರ: ನಿಂತು ನೋಡಿ

ದಾರಿ ತಪ್ಪಿದರೆ ಸುಳಿವು ಈ ಹೊತ್ತಿಗೆ ಸಿಗುತ್ತದೆ. ಎಲ್ಲ ಮನೆಯಲ್ಲೂ ಒಂದೇ ಉತ್ತರ ಬರುತ್ತಿದೆ. ಸ್ಥಳೀಯ ಕಾರ್ಯಕರ್ತೆ ನಿಮ್ಮ ಪ್ರಶ್ನೆಗೆ ತಾವೇ ಉತ್ತರ ಹೇಳುತ್ತಿದ್ದಾರೆ. ಡೈರಿಯಲ್ಲಿ "ಕಂಡದ್ದು" ಖಾಲಿ, "ಅನಿಸಿದ್ದು" ತುಂಬಿದೆ. ಮಕ್ಕಳು ನಿಮ್ಮನ್ನು ಕಂಡು ಬಾಗಿಲು ಹಾಕುತ್ತಾರೆ. ಇವುಗಳಲ್ಲಿ ಒಂದಿದ್ದರೂ ಎರಡು ದಿನ ಸರ್ವೆ ನಿಲ್ಲಿಸಿ, ಮೇಲ್ವಿಚಾರಕರ ಜೊತೆ ಕೂತು ಮಾತಾಡಿ. ಸುಮ್ನೆ ಅಂಕಿ ಮುಟ್ಟಿಸಲು ಓಡಬೇಡಿ.

ಹಂತ 9: ತಿಳಿಸಿ ಹೇಳುವ ಕೆಲಸ

ಐದು, ಆರನೇ ವಾರ. ಮೈಕು, ಭಾಷಣ, ಚಾರ್ಟು ಬೇಡ. ಹತ್ತು ಹನ್ನೆರಡು ಜನ, ಒಂದೇ ವಿಷಯ, ಅವರ ಕೈಯಲ್ಲೇ ಮಾಡಿಸುವುದು. ಎಫ್‌ಎಒ 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಶುರು ಮಾಡಿದ ರೈತರ ಪಾಠಶಾಲೆಯ ರೀತಿಯೂ ಇದೇ: ಗದ್ದೆಯೇ ತರಗತಿ, ರೈತರೇ ಗಿಡ ನೋಡಿ ತೀರ್ಮಾನ ಮಾಡುತ್ತಾರೆ.

ಓಆರ್‌ಎಸ್ ತೋರಿಸುತ್ತೀರಿ ಅಂತಿಟ್ಟುಕೊಳ್ಳಿ. ಪುಡಿ ಸುರಿಯುವುದು ಯಾರಿಗೂ ಕಷ್ಟವಲ್ಲ, ನೀರು ಅಳೆಯುವುದು ಕಷ್ಟ. ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ನಿಮ್ಮ ಗುರುತಿನ ಬಾಟಲಿಯಿಂದ ಲೀಟರ್ ನೀರನ್ನು ಆ ಮನೆಯದೇ ಪಾತ್ರೆಗೆ ಸುರಿಸಿ, ಎಲ್ಲಿಗೆ ಬಂತು ಅಂತ ಅವರೇ ಗೀಟು ಹಾಕಲಿ. ಕಲಸಿದ್ದು 24 ಗಂಟೆ ಮಾತ್ರ, ಉಳಿದರೆ ಚೆಲ್ಲಬೇಕು.

ಕೀಟನಾಶಕದ ವಿಷಯವಾದರೆ ಮನೆಯಲ್ಲಿರುವ ಬಾಟಲಿಯನ್ನೇ ಮುಂದಿಟ್ಟು ಬಣ್ಣದ ಗುರುತು ಓದಿಸಿ. ಕೆಂಪು ಅತಿ ಅಪಾಯ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಮೈಗೆ ತಾಗಿದರೂ ಪರವಾಗಿಲ್ಲ ಅಂತ ಅರ್ಥವಲ್ಲ, ಇದನ್ನು ಎರಡು ಸಲ ಹೇಳಿ. ಖಾಲಿ ಡಬ್ಬವನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಪಂಪಿಗೇ ಸುರಿದು, ಡಬ್ಬಕ್ಕೆ ತೂತು ಹೊಡೆಯುವುದನ್ನು ರೈತರೊಬ್ಬರೇ ಮಾಡಿ ತೋರಿಸಲಿ, ಗ್ಲೌಸ್ ಹಾಕಿರಲಿ. ತೂತು ಬಿದ್ದ ಡಬ್ಬದಲ್ಲಿ ಯಾರೂ ನೀರು ತುಂಬಿಡುವುದಿಲ್ಲ ಅಲ್ವಾ. ಔಷಧಿ ಹೊಡೆದ ಬಟ್ಟೆಗೆ ಬೇರೆ ಬಕೆಟ್.

ಸಾಧ್ಯವಾದರೆ ಹತ್ತು ದಿನ ಬಿಟ್ಟು ಹೋಗಿ ನೋಡಿ. ಪಾತ್ರೆಯ ಗೀಟು ಇದೆಯಾ, ಬಕೆಟ್ ಬೇರೆಯಾಗಿದೆಯಾ? ನಿಮ್ಮ ವರದಿಯ ಒಳ್ಳೆಯ ಪುಟ ಇದೇ ಆಗುತ್ತದೆ, ಬದಲಾಗದಿದ್ದರೂ.

ಹಂತ 10: ಮೊದಲು ಊರಿಗೆ ಹೇಳಿ, ಆಮೇಲೆ ಕಾಲೇಜಿಗೆ

ಏಳನೇ ವಾರ, ಕಂಡುಕೊಂಡದ್ದನ್ನು ಊರವರ ಮುಂದೆ ಇಡಿ. ಯಾರ ಮನೆಯ ಸುದ್ದಿ ಅಂತ ಗೊತ್ತಾಗದ ಹಾಗೆ, ಒಟ್ಟು ಲೆಕ್ಕ ಮಾತ್ರ. ಹೆಚ್ಚಿನವರು ಈ ಹಂತ ಬಿಡುತ್ತಾರೆ, ವರದಿಯ ತಪ್ಪು ಸಿಕ್ಕಿಬೀಳುವುದೂ ಇಲ್ಲೇ.

ಒಂದು ಸಲ ವಿದ್ಯಾರ್ಥಿನಿಯೊಬ್ಬಳು ಕ್ಯಾಲೆಂಡರ್ ತೋರಿಸಿ, ಕೊಯ್ಲಿನ ತಿಂಗಳು ಕಾಯಿಲೆ ಕಡಿಮೆ, ಬಹುಶಃ ಆಗ ಊಟ ಚೆನ್ನಾಗಿರುತ್ತದೆ ಅಂದಳು. ಹಿಂದೆ ಕೂತಿದ್ದ ಹೆಂಗಸೊಬ್ಬರು ಎದ್ದು ಬಂದು ಬೀಜದ ಗುಡ್ಡೆ ಸರಿಮಾಡಿದರು. "ಕಡಿಮೆ ಇಲ್ಲವ್ವಾ. ಆಗ ಮಲಗೋಕೆ ಪುರಸೊತ್ತಿಲ್ಲ. ಕೊಯ್ಲು ಮುಗಿದ ಮೇಲೆ ಆಸ್ಪತ್ರೆಗೆ ಹೋಗ್ತೀವಿ." ಅವಳು ಆಸ್ಪತ್ರೆಯ ರಿಜಿಸ್ಟರ್ ನೋಡಿ ಬರೆದಿದ್ದಳು. ರಿಜಿಸ್ಟರಿನಲ್ಲಿದ್ದದ್ದು ಜನ ಆಸ್ಪತ್ರೆಗೆ ಬಂದ ತಿಂಗಳು, ಕಾಯಿಲೆ ಬಿದ್ದ ತಿಂಗಳಲ್ಲ. ಇಡೀ ಅಧ್ಯಾಯ ತಿರುಗಿ ಬರೆದಳು.

ಕೊನೆಯ ವಾರ ವರದಿ. 15 ಪುಟ ಸಾಕು. ಏನು ಕೇಳಿದೆ, ಹೇಗೆ ಕೇಳಿದೆ, ಏನು ಕಂಡೆ, ಎಲ್ಲಿ ತಪ್ಪಿದೆ. ಜೊತೆಗೆ ಮುಂದಿನ ವಿದ್ಯಾರ್ಥಿಗೆ ಒಂದು ಪುಟ: ಯಾವ ಮನೆಗೆ ಮತ್ತೆ ಹೋಗಬೇಕು, ಯಾರ ಮಣ್ಣಿನ ಫಲಿತಾಂಶ ಬರಬೇಕಿದೆ, ಯಾರಿಗೆ ಏನು ಹೇಳಿ ಬಂದಿದ್ದೀರಿ. ಹೆಸರಿನ ಪಟ್ಟಿಯನ್ನು ಮೇಲ್ವಿಚಾರಕರ ಕೈಗೆ ಕೊಡಿ. ನಿಮ್ಮ ಫೋನಿನಲ್ಲಿರುವ ಅದರ ಫೋಟೋ ಅಳಿಸಿ. ಆಮೇಲೆ ಬಸ್ಸು ಹತ್ತಿ.